ಬಾಣಂತಿ ಇದ್ದ ಮನೆ ಖಾಲಿ ಮಾಡಿಸಲು ಹೋದದ್ದು

ಈಗ ನನ್ನ ಮೊಮ್ಮಗಳು ನನಗಿಂತ ಎತ್ತರ ಬೆಳೆದಿದ್ದಾಳೆ. ಅವಳನ್ನು ನೋಡಿದಾಗಲೆಲ್ಲ ಎದೆ ತುಂಬಿ ಬರುತ್ತದೆ, ಯಾರು ಸಿಕ್ಕರೂ ಅವಳು ಹುಟ್ಟಿದಾಗಿನ ಸುದ್ದಿ ಹೇಳಿಬಿಡುತ್ತೇನೆ. ನಾಲ್ಕನೇ ಇಯತ್ತೆ ಕಲಿತವಳು ನಾನು. ಬರೆಯುವುದು ಇದೇ ಮೊದಲು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಬ್ಯಾಡಗಿಯಲ್ಲಿ ನಮ್ಮದು ಜೋಡಿ ಮನೆ, ನಡುವೆ ಒಂದೇ ಗೋಡೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಬಾಡಿಗೆಯವರು. ನಮ್ಮ ಕಡೆ ಪಡಸಾಲೆ ತುಂಬ ಮೆಣಸಿನಕಾಯಿ ಚೀಲ. ತೊಟ್ಟು ಬಿಡಿಸುವ ಕೆಲಸ ನಮ್ಮದು. ನಮಗೆ ಘಾಟು ರೂಢಿಯಾಗಿತ್ತು, ಬಂದವರು ಮಾತ್ರ ಸೀನುತ್ತಲೇ ಮಾತಾಡುತ್ತಿದ್ದರು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹಸುಗೂಸನ್ನು ಆ ಘಾಟಿನಲ್ಲಿ ಮಲಗಿಸುವುದು ಹೇಗೆ? ಪಕ್ಕದ ಮನೆ ಬೇಕೇ ಬೇಕಿತ್ತು. ಬಾಡಿಗೆಯವರಿಗೆ ಮೂರು ತಿಂಗಳು ಮೊದಲೇ ಹೇಳಿದ್ದೆ, ಆಗಲಿ ಎಂದಿದ್ದರು. ಹೇಳಿದ ತಿಂಗಳು ಬಂದರೂ ಕದಲಲಿಲ್ಲ.

ಆ ಮನೆಯ ಹಿರಿಯಾಕೆಯನ್ನು ನಾನು ಅವರ ಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ತಂಗಿಯಾಗಲು ಇಬ್ಬರೂ ತಯಾರಿರಲಿಲ್ಲ. ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಹೋಗಿ ಬಾಗಿಲಲ್ಲಿ ನಿಂತೆ.

“ಆಪಾ, ಯಾವಾಗ ಖಾಲಿ ಮಾಡ್ತೀರಿ?”

“ಒಳಗ ಬಂದು ನೋಡ್ರಿ ಅಕ್ಕಾರ, ಆಮ್ಯಾಲೆ ಹೊರಗ ಹಾಕ್ರಿ.”

ಒಳಕೋಣೆಯಲ್ಲಿ ಅವರ ಮಗಳು ಮಲಗಿದ್ದಳು. ಗುತ್ತಲದಿಂದ ಬಂದು ಹೆತ್ತು ನಾಲ್ಕು ದಿನವಾಗಿತ್ತು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಹೋಗಿದ್ದೆ.

“ನಮ್ಮಲ್ಲಿ ನಲವತ್ತು ದಿನ ಬಾಣಂತಿ ಹೊಸ್ತಿಲಾ ದಾಟಂಗಿಲ್ಲ. ನಿಮ್ಮಲ್ಲಿ ದಾಟಸ್ತಾರೇನು?”

ನಮ್ಮಲ್ಲೂ ದಾಟಿಸುವುದಿಲ್ಲ. “ಮತ್ತ ನನ್ನ ಮಗಳನ್ನ ಎಲ್ಲಿ ಮಲಗಸ್ಲಿ?” ಎಂದೆ.

“ನಮ್ಮನ್ನ ಹೊರಗ ಹಾಕೋ ಬದಲಿ ಆ ಮೆಣಸಿನಕಾಯಿ ಚೀಲಾ ಹೊರಗ ಹಾಕ್ರಿ. ಅವೇನು ಹಡದಿಲ್ಲಲ್ಲ.”

ಸಿಟ್ಟು ಬಂತು, ಆದರೂ ಮಾತು ಖರೇ ಅನ್ನಿಸಿತು. ಚೀಲಗಳನ್ನೆಲ್ಲ ತಂಗಿಯ ಮನೆಗೆ ಸಾಗಿಸಿದೆವು. ನೆಲ ಸಾರಿಸಿ, ಎರಡು ಸಲ ಸುಣ್ಣ ಬಳಿದೆವು. ವಾರದೊಳಗೆ ಮಗಳು ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿ ಹೆತ್ತಳು. ಮನೆಗೆ ಕರೆತಂದು ಮಲಗಿಸಿದೆ. ಕೆಂಪನೆಯ ಕೂಸು, ಮುಷ್ಟಿ ಬಿಗಿ ಹಿಡಿದು ಜಗಳಕ್ಕೇ ಬಂದ ಹಾಗಿತ್ತು. ಎಷ್ಟು ನೋಡಿದರೂ ಸಾಲಲಿಲ್ಲ ನನಗೆ. ಗಳಿಗೆಯಾಗಿಲ್ಲ, ಸೀನತೊಡಗಿತು. ಒಂದು, ಎರಡು, ಐದು. ಚೀಲ ಹೋದರೂ ಘಾಟು ಗೋಡೆಯಲ್ಲೇ ಕೂತಿತ್ತು.

ಆಚೆ ಕೇಳಿಸಿರಬೇಕು. ಆಪಾ ಬಂದವರೇ ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡರು.

“ಇದರವ್ವನ್ನ ಕರ್ಕೊಂಡು ಬರ್ರಿ ಅಕ್ಕಾರ. ಇಬ್ಬರಿಗೂ ಒಂದ ಅಗ್ಗಿಷ್ಟಿಗಿ ಸಾಕು.”

“ಬಾಣಂತಿ ಹೊಸ್ತಿಲಾ ದಾಟಂಗಿಲ್ಲಂದ್ರಿ?”

“ಮನಿ ನಿಮ್ಮದ ಅಲ್ಲೇನು? ನಡಿರಿ ಲಗೂ.”

ಆಮೇಲೆ ನನ್ನ ಹಗಲೆಲ್ಲ ಅಲ್ಲಿಯೇ. ಎರಡೂ ಕೂಸುಗಳಿಗೆ ಎಣ್ಣೆ ತಿಕ್ಕಿ ನಾನು ಎರೆಯುತ್ತಿದ್ದೆ, ಆಪಾ ಲೋಬಾನದ ಹೊಗೆ ಹಾಕಿ ತಲೆ ಆರಿಸುತ್ತಿದ್ದರು. ಅವರ ಅಳವಿ ಬೀಜದ ಪಾಯಸ ನನ್ನ ಮಗಳಿಗೆ, ನನ್ನ ಅಂಟಿನುಂಡೆ ಅವರ ಮಗಳಿಗೆ. ಅಂಥ ದಿನಗಳು ಮತ್ತೆ ಬರಲಿಲ್ಲ.

ಅವರ ನಲವತ್ತು ತುಂಬಿದ ಮರುದಿನ ಬಾಗಿಲಿಗೆ ಸಾಮಾನು ಒಯ್ಯುವ ಟಂಟಂ ಗಾಡಿ ಬಂದು ನಿಂತಿತು. ಹಾವೇರಿಯಲ್ಲಿ ಬೇರೆ ಮನೆ ನೋಡಿದ್ದರು. ಆಪಾ ಪಾತ್ರೆಗಳನ್ನೆಲ್ಲ ಗಂಟು ಕಟ್ಟಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ನಿಮ್ಮಲ್ಲಿ ನಲವತ್ತು ದಿನ. ನಮ್ಮಲ್ಲಿ ಬಾಣಂತನ ಐದು ತಿಂಗಳು. ಅಲ್ಲೀತನಕ ಈ ಮನ್ಯಾಗಿಂದ ಯಾರೂ ಹೋಗಂಗಿಲ್ಲ.”

“ಎಂಥಾ ಮಾಲಕರ ಗಂಟು ಬಿದ್ದಾರವಾ,” ಎಂದು ಟಂಟಂನವನು ನಕ್ಕ. “ಇರಾಕೂ ಬಿಡವಲ್ರು, ಹೋಗಾಕೂ ಬಿಡವಲ್ರು.”

ಆಪಾ ಗಂಟು ಬಿಚ್ಚಿ, ಮೊದಲು ಹಂಡೆಯನ್ನು ಹೊರತೆಗೆದು ನನ್ನ ಕೈಗೆ ಕೊಟ್ಟರು. ಕೂಸುಗಳಿಗೆ ನೀರು ಕಾಯಿಸುವ ಹೊತ್ತಾಗಿತ್ತು.