ಬೋರ್ಡಿನ ಮೇಲಿದ್ದ ಪಾಸ್‌ವರ್ಡ್

ಶೈಲಾ, ಆ ಮೇಲ್ ಕಳಿಸಿದವಳು ನೀನಲ್ಲ ಎಂಬುದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮನೆಯ ಪಡಸಾಲೆಯಲ್ಲಿ, ಹಿರಿಯರೆಲ್ಲರ ಎದುರು, ನಿನ್ನನ್ನು ಸುಳ್ಳುಗಾತಿ ಮಾಡಿದೆ. ಇದನ್ನು ಸ್ವಲ್ಪ ಮೆತ್ತಗೆ ಹೇಳಬಹುದೇ ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ — ಹೇಳಲು ಬರುವುದಿಲ್ಲ.

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ನಾನೂ ನಮ್ಮ ಮನೆಯವರೂ ಇಂಟರ್ನೆಟ್ ಅಂಗಡಿ ಇಟ್ಟಿದ್ದ ಕಾಲ ಅದು. ಊರಲ್ಲಿ ಯಾರಿಗೆ ಮೇಲ್ ಐಡಿ ಬೇಕಾದರೂ ನನ್ನ ಕೈಯಿಂದಲೇ ಆಗಬೇಕು. ಅದರ ಗತ್ತು ನನಗೆ ಎಷ್ಟಿತ್ತು ಎಂಬುದನ್ನು ನೀನೇ ನೋಡಿದ್ದೀಯ. ಆದರೆ ಮಾಡಿಸಿಕೊಂಡು ಹೋದವರು ಮುಂದಿನ ಸಂತೆಗೆ ತಿರುಗಿ ಬರುತ್ತಿದ್ದರು — "ಅಕ್ಕಾರ, ಅದೇನೋ ಪಾಸ್‌ವರ್ಡ್ ಅಂದಿದ್ರೆಲ್ರಿ, ಮರತ ಬಿಟ್ಟೇನ್ರಿ." ನನಗೆ ರೇಗಿಹೋಗುತ್ತಿತ್ತು. ಒಂದು ದಿನ ಉಪಾಯ ಹೊಳೆಯಿತು. ಎಲ್ಲರಿಗೂ ಒಂದೇ ಪಾಸ್‌ವರ್ಡ್: ನಮ್ಮ ಅಂಗಡಿಯ ಫೋನ್ ನಂಬರು. ಮರೆತರೆ ಹೊರಗೆ ಹೋಗಿ ಬೋರ್ಡ್ ನೋಡಿಕೊಂಡು ಬಂದರಾಯಿತು. ಕೆಂಪು ಬಣ್ಣದಲ್ಲಿ, ರಸ್ತೆಯಾಚೆಯಿಂದಲೂ ಕಾಣುವಷ್ಟು ದೊಡ್ಡದಾಗಿ ಬರೆಸಿದ್ದೆವಲ್ಲ! ಇಷ್ಟು ಸಾಲದು ಎಂಬಂತೆ, ಒಬ್ಬೊಬ್ಬರಿಗೂ ದನಿ ತಗ್ಗಿಸಿ ಹೇಳುತ್ತಿದ್ದೆ: "ಇದು ನಿಮಗಷ್ಟ ಗೊತ್ತಿರ್ಲಿ. ಯಾರ ಮುಂದೂ ಹೇಳಬ್ಯಾಡ್ರಿ."

ಎಲ್ಲರೂ ನಂಬಿದರು. ಮೆಣಸಿನಕಾಯಿ ಪೇಟೆಯ ಜನ — ಟೆಂಡರ್ ಚೀಟಿಯಲ್ಲಿ ದರ ಬರೆಯುವಾಗ ಪಕ್ಕದವನಿಗೆ ಕಾಣಬಾರದೆಂದು ಅಂಗೈ ಅಡ್ಡ ಹಿಡಿಯುವ ಜನ — ಅದೇ ದರವನ್ನು ದೂರದ ಖರೀದಿದಾರರಿಗೆ ನನ್ನ ಅಂಗಡಿಯಿಂದ ಮೇಲ್ ಮಾಡುತ್ತಿದ್ದರು. ಯಾರ ಮೇಲ್ ಪೆಟ್ಟಿಗೆಯನ್ನು ಯಾರು ಬೇಕಾದರೂ ತೆರೆಯಬಹುದಿತ್ತು. ನನ್ನ ಮಟ್ಟಿಗೆ ಅದು ಕೆಲಸ ಹಗುರಾದ ವಿಷಯ, ಅಷ್ಟೇ.

ಆಗ ನಿನ್ನ ಮದುವೆ ಗೊತ್ತಾಗಿತ್ತು. ರಾಣೇಬೆನ್ನೂರಿನ ಹುಡುಗ, ಕಾಲೇಜಿನಲ್ಲಿ ಪಾಠ ಹೇಳುವವನು. ಹಾವೇರಿಯಲ್ಲಿ ನಿನ್ನ ತರಗತಿ ಮುಗಿಸಿಕೊಂಡು ಬಂದವಳೇ ನಮ್ಮ ಅಂಗಡಿಯ ಮೂಲೆಯ ಕಂಪ್ಯೂಟರಿಗೆ ಕೂತು ಅವನಿಗೆ ಬರೆಯುತ್ತಿದ್ದೆ. ಬರೆಯುತ್ತ ನೀನೊಬ್ಬಳೇ ನಗುತ್ತಿದ್ದೆ. ನಾನು ಕಾಡಿಸುತ್ತಿದ್ದೆ: "ಮದಿವಿ ಆದಮ್ಯಾಲ ಮಾತಾಡಾಕ ಏನರ ಉಳಸ್ಕೋ ಮಾರಾಯ್ತಿ."

ಓಣಿಯ ಮನೆಯವರೆಲ್ಲ ಮದುಮಗಳನ್ನು ಊಟಕ್ಕೆ ಕರೆದು ಉಡಿ ತುಂಬುವ ರೂಢಿ. ನಾನೂ ಕರೆದೆ. ಅಂಗಡಿಯನ್ನು ನಮ್ಮ ಮನೆಯವರಿಗೆ ಬಿಟ್ಟು ಬೆಳಿಗ್ಗೆಯಿಂದ ಹೋಳಿಗೆ ಮಾಡಿದೆ. ನೀನು ಮಧ್ಯಾಹ್ನ ಬಂದವಳು ಸಂಜೆಯ ಚಹಾ ಕುಡಿದೇ ಹೋದೆ. ಅಂಗಡಿಯಲ್ಲಿ ಅವತ್ತು ಯಾರು ಎಲ್ಲಿ ಕೂತರು — ನಮ್ಮ ಮನೆಯವರು ಟೀವಿಯ ಕ್ರಿಕೆಟ್ಟಿನಿಂದ ತಲೆ ಎತ್ತಿರಲಿಲ್ಲ. ಯಾರೋ ಒಬ್ಬರು ನಿನ್ನ ಐಡಿ ತೆರೆದು, ನಿನ್ನ ಹೆಸರಿನಲ್ಲಿ ಆ ಹುಡುಗನಿಗೆ ಬರೆದಿದ್ದರು: ಈ ಮದುವೆ ನನಗೆ ಬೇಡ, ಮನೆಯವರ ಒತ್ತಾಯಕ್ಕೆ ಒಪ್ಪಿದ್ದೇನೆ, ನನ್ನ ಮನಸ್ಸು ಬೇರೆ ಕಡೆ ಇದೆ. ಅವರು ಯಾರೆಂದು ಇಂದಿಗೂ ಗೊತ್ತಿಲ್ಲ. ಯಾಕೆ ಮಾಡಿದರೆಂದೂ ಗೊತ್ತಿಲ್ಲ.

ಆ ವಾರವೇ ಗಂಡಿನ ಕಡೆಯವರು ಅದರ ಪ್ರಿಂಟ್ ಹಿಡಿದುಕೊಂಡು ನಿಮ್ಮ ಮನೆಗೆ ಬಂದರು. ಕಂಪ್ಯೂಟರ್ ತಿಳಿದವಳು ಎಂದು ನಿಮ್ಮಪ್ಪ ಬಸಣ್ಣನವರು ನನ್ನನ್ನು ಕರೆಸಿದರು. ಹಾಳೆ ನನ್ನ ಕೈಗೆ ಬಂತು. ಮೂಲೆಯಲ್ಲಿ ಮೇಲ್ ಹೋದ ದಿನವೂ ಗಂಟೆಯೂ ಇದ್ದವು. ಗಂಟೆ ನಮ್ಮ ದೇಶದ್ದಾಗಿರಲಿಲ್ಲ, ಅಮೆರಿಕದ್ದು; ಆದ್ದರಿಂದ ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ. ಅದನ್ನು ನಮ್ಮ ಗಂಟೆಗೆ ತಿರುಗಿಸುವುದು ಅಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ತಿರುಗಿಸಿ ನೋಡಿದೆ. ನೀನು ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದ ಹೊತ್ತು ಅದು.

ಹುಡುಗನ ಸೋದರಮಾವ ನಿನ್ನನ್ನು ಕೇಳಿದರು, "ಪಾಸ್‌ವರ್ಡ್ ಯಾರಿಗರ ಹೇಳೀಯೇನವಾ?"

"ಯಾರಿಗೂ ಹೇಳಿಲ್ರಿ," ಎಂದೆ ನೀನು. ನಿಜವನ್ನೇ ಹೇಳಿದೆ. ನಾನು ಹೇಳಬೇಡ ಎಂದಿದ್ದೆ, ನೀನು ಹೇಳಿರಲಿಲ್ಲ. ಅದೇ ನಿನ್ನ ಕೊರಳಿಗೆ ಬಂತು.

ಅವರು ನನ್ನ ಕಡೆ ತಿರುಗಿದರು. "ಬ್ಯಾರೇದವ್ರು ಈಕಿ ಹೆಸರ್ಲೆ ಕಳಸಾಕ ಬರತೈತೇನ್ರಿ?"

ಬರುತ್ತದೆ ಎನ್ನಬೇಕಿತ್ತು. ಅಂದರೆ ಮುಂದಿನ ಪ್ರಶ್ನೆ, ಹೇಗೆ? ಬೋರ್ಡಿನ ವಿಷಯ ಹೊರಗೆ ಬರುತ್ತದೆ, ತಮ್ಮ ದರವನ್ನು ಯಾರು ಯಾರು ಓದಿದರೋ ಎಂದು ಇಡೀ ಪೇಟೆ ನಮ್ಮ ಬಾಗಿಲಿಗೆ ಬರುತ್ತದೆ. ಅಂಗಡಿ ಹೋಗುತ್ತದೆ, ಮರ್ಯಾದೆ ಹೋಗುತ್ತದೆ… ಇಷ್ಟೆಲ್ಲ ಲೆಕ್ಕ ಹಾಕುವುದಕ್ಕೆ ನನಗೆ ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ನೀನು ನನ್ನನ್ನೇ ನೋಡುತ್ತಿದ್ದೆ. ಅಕ್ಕಾರು ಬಂದರು, ಇನ್ನು ಚಿಂತೆಯಿಲ್ಲ ಎಂಬ ಹಾಗೆ.

"ಬರೂದಿಲ್ರಿ," ಎಂದೆ. "ಪಾಸ್‌ವರ್ಡ್ ಇಲ್ದ ಯಾರಿಗೂ ತಗಿಯಾಕ ಬರೂದಿಲ್ಲ."

ನಿಮ್ಮಪ್ಪ ಎದ್ದು ಒಳಗೆ ಹೋದರು. ನೀನು ಅಳಲಿಲ್ಲ. "ನಾ ಬರದಿಲ್ರಿ, ಖರೇನ ಬರದಿಲ್ರಿ," ಎಂದು ಒಬ್ಬೊಬ್ಬರ ಮುಖ ನೋಡಿ ಹೇಳುತ್ತಾ ಹೋದೆ. ನನ್ನ ಸರದಿ ಬಂದಾಗ ನಾನು ಆ ಹಾಳೆಯನ್ನು ಮಡಿಸುತ್ತಿದ್ದೆ.

ನಿನ್ನ ಕಾಲೇಜು ಬಿಡಿಸಿದರು. ಏನೂ ವಿಚಾರಿಸದ ದೂರದ ಮನೆಯೊಂದಕ್ಕೆ ಗಡಿಬಿಡಿಯಲ್ಲಿ ಕೊಟ್ಟರು. ಇತ್ತ ನಾನು, ಬಂದ ಬಂದವರ ಪಾಸ್‌ವರ್ಡನ್ನೆಲ್ಲ ಸದ್ದಿಲ್ಲದೆ ಬದಲಿಸಿಕೊಟ್ಟೆ. ಕೇಳಿದವರಿಗೆ, "ಹೊಸಾ ನಿಯಮ ಬಂದಾವ್ರಿ" ಎಂದೆ. ಎಲ್ಲರನ್ನೂ ಕಾಪಾಡಿದೆ — ನಿನ್ನೊಬ್ಬಳನ್ನು ಬಿಟ್ಟು. ನಿಮ್ಮಪ್ಪ, ಮಗಳು ತಲೆ ತಗ್ಗಿಸುವ ಹಾಗೆ ಮಾಡಿದಳು ಎಂದು ನಂಬಿಕೊಂಡೇ ತೀರಿಹೋದರು. ಅವರಿಗೆ ಹೇಳುವ ದಾರಿ ಇನ್ನು ಇಲ್ಲ.

ಆಮೇಲೆ ಒಮ್ಮೆ ನೀನು ನಮ್ಮೂರ ಸ್ಟೇಷನ್ನಿನಲ್ಲಿ ಸಿಕ್ಕಿದ್ದೆ. ಕಂಕುಳಲ್ಲಿ ಕೂಸಿತ್ತು. ನೀನು ಜಗಳಕ್ಕೆ ಬರುತ್ತೀಯ ಎಂದು ಹೆದರಿದೆ. ನೀನು ಮೆಲ್ಲಗೆ ಕೇಳಿದೆ: "ಅಕ್ಕಾರ, ನಿಮಗ ಗೊತ್ತಿರತೈತಿ, ಅದಕ್ಕ ಕೇಳ್ತೇನ್ರಿ. ಅದನ್ನ ನಾನ ಬರದಿದ್ನೇನ್ರಿ? ಎಲ್ಲಾರೂ ಅಂದು ಅಂದು, ಈಗ ನನಗೂ ಹಂಗ ಅನಸಾಕತ್ತೈತಿ."

ಶೈಲಾ, ನಾನು ಆಗಲೂ… "ಹಳೇದನ್ನ ಯಾಕ ತಗೀತಿ ಬಿಡವಾ" ಎಂದೆ. ಗಾಡಿ ಬಂತು. ನೀನು ಹತ್ತಿಕೊಂಡೆ.

ನಿನ್ನ ಹೆಸರನ್ನು ಕದ್ದವರು ಯಾರೋ ಇರಬಹುದು. ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನು ಕಿತ್ತುಕೊಂಡವಳು ನಾನು. ಈಗ ಯಾರಾದರೂ ಮೊಬೈಲ್ ಚಾಚಿ, "ಪಿನ್ ಹಾಕಿ ಕೊಡ್ರಿ ಅಕ್ಕಾರ" ಎಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ, ಬಯ್ಯುತ್ತೇನೆ, ಅವರೇ ಹಾಕುವವರೆಗೆ ಬಿಡುವುದಿಲ್ಲ. ಅದರಿಂದ ನಿನಗೇನು ಬಂತು?

ಕಡೆಗೆ ಧೈರ್ಯ ಮಾಡಿ ನಿಮ್ಮವ್ವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಎದ್ದು ಬೀದಿಬಾಗಿಲು ಮುಚ್ಚಿ ಬಂದು ಕೂತರು. "ಆಕಿ ಅತ್ತಿ ಮನ್ಯಾಗ ಮದಲಿನ ನಿಶ್ಚಯ ಮುರದದ್ದ ಗೊತ್ತಿಲ್ಲ. ಈಗ ಹೇಳಾಕ ಹೋಗಿ ಆಕಿ ಸಂಸಾರಕ್ಕ ಬೆಂಕಿ ಹಚ್ಚಬ್ಯಾಡ್ರಿ," ಎಂದರು. ವಿಳಾಸ ಕೊಡಲಿಲ್ಲ. 

ಅದಕ್ಕೆ ಹೀಗೆ ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಶೈಲಾ ಎಂಬುದು ನಿನ್ನ ಹೆಸರಲ್ಲ. ಬಸಣ್ಣ ಎಂಬುದು ನಿಮ್ಮಪ್ಪನ ಹೆಸರೂ ಅಲ್ಲ. ನೀನು ಇದನ್ನು ಓದುತ್ತೀಯೋ, ಇಲ್ಲವೋ, ತಿಳಿಯುವ ಉಪಾಯವೂ ನನಗಿಲ್ಲ. ಓದಿದರೆ ಗುರುತು ಹಿಡಿಯುತ್ತೀಯ. ಸ್ಟೇಷನ್ನಿನಲ್ಲಿ ಕೇಳಿದ್ದಕ್ಕೆ ಉತ್ತರ ಇದು: ನೀನು ಬರೆದಿರಲಿಲ್ಲ. ಆ ಹೊತ್ತಿನಲ್ಲಿ ನೀನು ನಮ್ಮ ಅಡುಗೆಮನೆಯಲ್ಲಿದ್ದೆ. ನಾನು ಇನ್ನೊಂದು ಹೋಳಿಗೆ ಬಡಿಸಲು ಬಗ್ಗಿದ್ದೆ, ನೀನು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ನಗುತ್ತ, "ಸಾಕ್ರಿ ಅಕ್ಕಾರ, ಸಾಕ್ರಿ" ಎನ್ನುತ್ತಿದ್ದೆ.