ಫಿಲ್ಟರ್ ನೀರು ಬೇಡವೆಂದ ಕೋಳಿಗಳು

"ಅಕ್ಕಾ, ನಿಮ್ಮ ಕೋಳಿಗಳು ನಮ್ಮ ಎಸಿ ನೀರು ಕುಡೀತಾ ಉಂಟು."

ನಮ್ಮ ಮನೆಯ ಪಕ್ಕದ ಫ್ಲ್ಯಾಟಿನ ಮುಮ್ತಾಜ್ ಬಾಲ್ಕನಿಯಿಂದ ಹೀಗೆ ಹೇಳಿದಾಗ ನನಗೆ ಸಿಟ್ಟೇ ಬಂತು. ನಮ್ಮ ಕೋಳಿಗಳಾ? ಮಂಗಳೂರಿನ ಈ ಇಡೀ ಫಳ್ನೀರು ಬಡಾವಣೆಯಲ್ಲಿ ಇನ್ಯಾವ ಕೋಳಿಗೆ ಫಿಲ್ಟರ್ ನೀರು ಸಿಗುತ್ತದೆ ಸ್ವಾಮಿ? ಅದೂ ಥಳಥಳ ಹೊಳೆಯುವ ಸ್ಟೀಲ್ ಬೋಗುಣಿಯಲ್ಲಿ?

ಹಿತ್ತಿಲಿಗೆ ಹೋಗಿ ನೋಡಿದೆ. ಹೌದು. ಕಂಪೌಂಡಿನ ಮೂಲೆಯಲ್ಲಿ ಅವಳ ಎಸಿ ಪೈಪಿನಿಂದ ತೊಟ್ಟಿಕ್ಕಿದ ನೀರು ಒಂದು ಗುಂಡಿಯಾಗಿತ್ತು. ನಮ್ಮ ನಾಲ್ಕೂ ನಾಟಿ ಕೋಳಿಗಳು ಅದಕ್ಕೇ ಕೊಕ್ಕು ಹಾಕಿದ್ದವು. ಗುಂಡಿಯಲ್ಲಿ ಮಣ್ಣು, ಕೊಳೆತ ಎಲೆ, ಅವುಗಳದ್ದೇ ಹಿಕ್ಕೆ. (ತಿಂಡಿ ತಿನ್ನುತ್ತಾ ಓದುವವರಿದ್ದೀರಿ, ಉಳಿದದ್ದನ್ನು ಹೇಳುವುದಿಲ್ಲ.)

ನಗುವ ವಿಷಯ ಅಲ್ಲ. ಹಿಂದಿನ ವಾರವಷ್ಟೇ ಕಪ್ಪು ಹೇಂಟೆ ಭೇದಿಯಾಗಿ ರೆಕ್ಕೆ ಇಳಿಬಿಟ್ಟು ಕೂತಿತ್ತು. ಪಶುವೈದ್ಯರು ಮದ್ದು ಕೊಟ್ಟು, "ಕುಡಿಯುವ ನೀರು ಕ್ಲೀನ್ ಉಂಟಾ?" ಎಂದು ಕೇಳಿದಾಗ ನಾನು ಜಂಬದಿಂದ ತಲೆಯಾಡಿಸಿದ್ದೆ. ಬೈಕಂಪಾಡಿಯಲ್ಲಿ ವರ್ಕ್‌ಶಾಪ್ ನಡೆಸುವ ನನ್ನ ಗಂಡ ಅಂದೇ ತೀರ್ಪು ಕೊಟ್ಟಿದ್ದರು: "ಇನ್ನೊಂದು ಕೋಳಿ ಮಲಗಿದರೆ ನಾಲ್ಕನ್ನೂ ವರ್ಕ್‌ಶಾಪಿನ ವಾಚ್‌ಮ್ಯಾನ್‌ಗೆ ಕೊಟ್ಟು ಬಿಡ್ತೇನೆ. ಅವನ ಹತ್ತಿರ ಹೇಳಿಯೂ ಆಯ್ತು. ಸಾಕು ಮಾರಾಯ್ತಿ."

ವಾಚ್‌ಮ್ಯಾನ್ ಅವುಗಳನ್ನು ಸಾಕುತ್ತಾನಾ? ಕೋಳಿಸಾರು ಕಾಯಿಸಿ ಕೋರಿರೊಟ್ಟಿ ಮಾಡುತ್ತಾನೆ. ಮರಿಗಳಿದ್ದಾಗಿನಿಂದ ನಾನೇ ಅಂಗೈಯಲ್ಲಿ ಕಾಳು ಹಿಡಿದು ಬೆಳೆಸಿದ ಕೋಳಿಗಳು ಅವು.

ಎಸಿ ನೀರಿನ ಸುದ್ದಿ ಇವರ ಕಿವಿಗೂ ಬಿತ್ತು. "ನೀನು ಪೇಪರಲ್ಲಿ ಊರಿಗೆಲ್ಲ ಸ್ವಚ್ಛತೆಯ ಪಾಠ ಮಾಡ್ತಿ. ನಿನ್ನ ಕೋಳಿಗಳಿಗೆ ಕೊಚ್ಚೆ ನೀರೇ ಆಗ್ಬೇಕು. ಬುದ್ಧಿ ಇಲ್ಲದ ಜಾತಿ, ಎಂತ ಮಾಡುವುದು?"

ಮರುದಿನ ಮಧ್ಯಾಹ್ನ ಬೋಗುಣಿಯ ನೀರು ಬದಲಿಸಲು ಕೈ ಹಾಕಿದೆ. ಚುರ್ ಎಂದಿತು. ಏಪ್ರಿಲ್ ತಿಂಗಳು, ಮಂಗಳೂರಿನ ಬಿಸಿಲು, ಸ್ಟೀಲ್ ಪಾತ್ರೆ. ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣಲಿ ಎಂದು ಅದನ್ನು ನಡು ಅಂಗಳದಲ್ಲಿ ಇಟ್ಟವಳು ನಾನೇ. ಚಹಾಪುಡಿ ಹಾಕುವುದೊಂದು ಬಾಕಿ ಇತ್ತು. ಪಾಪದ ಕೋಳಿಗಳು ನೆರಳಿನ ತಣ್ಣೀರು ಹುಡುಕಿಕೊಂಡಿದ್ದವು. ಬುದ್ಧಿ ಇಲ್ಲದ ಜಾತಿ ಯಾವುದು ಈಗ ಹೇಳಿ?

ಸ್ಟೀಲ್ ಒಳಗೆ ಹೋಯಿತು. ಮೀನುಸಾರಿಗೆಂದು ತಂದಿದ್ದ ಹೊಸ ಬಿಸಲೆ, ಅಂದರೆ ಅಗಲ ಬಾಯಿಯ ಮಣ್ಣಿನ ಪಾತ್ರೆ, ಪೇರಳೆ ಮರದಡಿಗೆ ಬಂತು. ಮೊದಲ ದಿನವೇ ಕೋಳಿಗಳು ಕೆದರಿ ಕೆದರಿ ಅದರ ತುಂಬ ಮಣ್ಣು ಎರಚಿದವು. ಬಿಟ್ಟೆನಾ? ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಪೇರಿಸಿ ಮೇಲಿಟ್ಟೆ. ಬೆಳಿಗ್ಗೆ, ಮಧ್ಯಾಹ್ನ ತೆಂಗಿನ ನಾರಿನಿಂದ ಪಾಚಿ ಉಜ್ಜಿ ಹೊಸ ನೀರು. ಗುಂಡಿಗೆ ಜಲ್ಲಿ ತುಂಬಿಸಿದೆ. "ತಪ್ಪು ನಮ್ಮ ಪೈಪಿನದ್ದೂ ಉಂಟಲ್ಲ ಅಕ್ಕಾ" ಎಂದು ಮುಮ್ತಾಜ್ ಪೈಪನ್ನು ತನ್ನ ಕಡೆಯ ಚರಂಡಿಗೆ ತಿರುಗಿಸಿದಳು.

ಎರಡು ದಿನ ಬಿಟ್ಟು ಮತ್ತೆ ಬಾಲ್ಕನಿಯಿಂದ ಸ್ವರ ಬಂತು. "ಅಕ್ಕಾ, ಕಪ್ಪು ಹೇಂಟೆ ಕುಡೀತಾ ಉಂಟು. ನಿಮ್ಮದೇ ನೀರು."

ಅಂಗಳದಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ. ಆಮೇಲೆ ಒಂದು ಕೋಳಿಯೂ ಮಲಗಲಿಲ್ಲ. ಕಪ್ಪು ಹೇಂಟೆ ಮೊಟ್ಟೆ ಇಡಲು ಶುರು ಮಾಡಿದೆ.

ಟೆರೇಸಿನಲ್ಲಿ ಹಕ್ಕಿಗಳಿಗೆ ನೀರಿಟ್ಟು ಸ್ಟೇಟಸ್ ಹಾಕುವವರು ನಾವು. ಮಧ್ಯಾಹ್ನ ಹತ್ತಿ ಹೋಗಿ ಆ ನೀರಿಗೆ ಒಮ್ಮೆಯಾದರೂ ಬೆರಳು ಅದ್ದಿದ್ದೇವಾ? ಕೊಡುವವರಿಗೆ ಅನುಕೂಲವಾದ ಜಾಗದಲ್ಲಿ ಇಡುತ್ತೇವೆ, ಕುಡಿಯದಿದ್ದರೆ ಕುಡಿಯುವವರನ್ನು ಬೈಯುತ್ತೇವೆ.

ಮೊನ್ನೆ ವರ್ಕ್‌ಶಾಪಿನ ಕೀ ಕೊಡಲು ಬಂದ ವಾಚ್‌ಮ್ಯಾನ್, "ಧಣಿ, ಕೋಳಿ ಕೊಡ್ತೇನೆ ಅಂದಿದ್ರಿ" ಎಂದು ನೆನಪಿಸಿದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಹೇಳಿದರು: "ಇಲ್ಲ ಮಾರಾಯ. ಅವು ಬೇರೆ ಕಡೆ ಬದುಕಲಿಕ್ಕಿಲ್ಲ. ನೀರಿನ ವಿಷಯದಲ್ಲಿ ನಾವು ಭಾರೀ ಸ್ಟ್ರಿಕ್ಟ್."

ನಾವು ಅಂತೆ. ಗೆದ್ದ ಪಕ್ಷಕ್ಕೆ ಹಾರುವುದು ರಾಜಕಾರಣಿಗಳಿಗೆ ಮಾತ್ರ ಗೊತ್ತು ಎಂದು ಯಾರು ಹೇಳಿದ್ದು?