ಎಂಜೈಮೋ, ಎಂಜಲೋ?

ಅತ್ತೆ ಬದುಕಿದ್ದ ಕೊನೆಯ ದಿನ ನಮ್ಮಿಬ್ಬರಿಗೂ ಜಗಳ. ವಿಷಯ: ನಮ್ಮ ಹಸು ಗೌರಿ ಏನು ತಿನ್ನಬೇಕು. (ಮನುಷ್ಯರ ಊಟದ ಬಗ್ಗೆ ನಮ್ಮ ಮನೆಯಲ್ಲಿ ಇಷ್ಟು ಚರ್ಚೆ ಆಗಿದ್ದೇ ಇಲ್ಲ.)

ಹಸಿ ಜೋಳದ ದಂಟು ಕತ್ತರಿಸಿ ರಸಮೇವಿಗೆ, ಅಂದರೆ ಸೈಲೇಜಿಗೆ, ಚೀಲ ತುಂಬುತ್ತಿದ್ದೆವು. ಗಾಳಿಯಾಡದಂತೆ ಕಟ್ಟಿಟ್ಟರೆ ತಿಂಗಳು ಕಳೆಯುವಷ್ಟರಲ್ಲಿ ಹದವಾಗಿ ಹುಳಿ ಬರುತ್ತದೆ. ಕಡೂರಿನಿಂದ ಬೈಕಿನಲ್ಲಿ ಬಂದ ಕಂಪನಿ ಏಜೆಂಟ್ ಒಂದು ಪುಡಿಯ ಪ್ಯಾಕೆಟ್ ತೆಗೆದ.

"ಎಂಜೈಮ್ ಅಜ್ಜಿ. ಬೆರೆಸಿದ್ರೆ ಮೇವು ಸಲೀಸಾಗಿ ಜೀರ್ಣ ಆಗ್ತದೆ."

"ಎಂಜಲಾ?" ಅತ್ತೆ ಕೈ ಹಿಂದಕ್ಕೆಳೆದುಕೊಂಡರು. "ಯಾರ ಎಂಜಲಪ್ಪಾ?"

"ಎಂಜಲಲ್ಲ, ಎಂಜೈಮ್."

"ಎಲ್ಡೂ ಒಂದೇ ಕಣೋ. ನಮ್ ಗೌರಿ ಬಾಯಲ್ಲೇ ಬೇಕಾದಷ್ಟು ಐತೆ."

(ಎಂಜಲಿನಲ್ಲಿ ಎಂಜೈಮ್ ಇರುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದೆ. ಹೇಳಿದರೆ ಅತ್ತೆ ಗೆದ್ದುಬಿಡುತ್ತಾರಲ್ಲ ಎಂದು ದಂಟು ತುಂಬುತ್ತಲೇ ಇದ್ದೆ.)

ಕೊನೆಗೆ ಎರಡು ಚೀಲವಾಯಿತು. ಪುಡಿ ಬೆರೆಸಿದ ನೀಲಿ ಚೀಲ ನನ್ನದು. ಬೆಲ್ಲದ ನೀರು ಚಿಮುಕಿಸಿದ ಬಿಳಿಯದು ಅತ್ತೆಯದು.

"ಗೌರಿ ಯಾವ್ದಕ್ಕೆ ಬಾಯಿ ಹಾಕ್ತಾಳೋ ನೋಡೋಣ ಕಣೇ" ಎಂದು ಬಿಗಿಯಾಗಿ ಕಟ್ಟಿದರು. ಮರುದಿನ ಬೆಳಗ್ಗೆ ಅವರು ಏಳಲಿಲ್ಲ.

ಸಾವಿನ ಮನೆಯಲ್ಲಿ ಜನ ಏನು ಮಾತಾಡುತ್ತಾರೆ? ನಮ್ಮಲ್ಲಿ ಚೀಲದ ಮಾತು. ಶಿವಗಣಾರಾಧನೆಯ ಪಂಕ್ತಿಯಲ್ಲಿ ಅಜ್ಜಂಪುರದ ಚಿಕ್ಕಪ್ಪ ಕೇಳಿದರು, "ಚೀಲ ಬಿಚ್ಚಿದ್ಯೇನಮ್ಮಾ?"

"ಇನ್ನೂ ಹುಳಿ ಬರ್ಬೇಕು ಚಿಕ್ಕಪ್ಪ."

"ನಾನು ಪುಡಿ ಪಾರ್ಟಿ" ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ತರೀಕೆರೆಯ ಭಾವ ಬೆಲ್ಲದ ಕಡೆ. ಪಾಯಸದ ಬಕೆಟ್ ಬರುವ ಹೊತ್ತಿಗೆ ಪಂಕ್ತಿ ಎರಡು ಪಕ್ಷವಾಗಿತ್ತು.

ಮೊನ್ನೆ ಎರಡೂ ಬಿಚ್ಚಿದೆ. ಎರಡರಲ್ಲೂ ಅದೇ ಹುಳಿ ಬೆರೆತ ಸಿಹಿ ವಾಸನೆ. ಎರಡು ಪುಟ್ಟಿ ತುಂಬಿ ಗೌರಿಯ ಮುಂದಿಟ್ಟೆ. ನನ್ನದನ್ನು ಮೂಸಿದಳು. ಆಮೇಲೆ ಅತ್ತೆಯದಕ್ಕೆ ಬಾಯಿ ಹಾಕಿ ತಳದವರೆಗೆ ತಿಂದಳು. ಸೋತೆ. ಇಷ್ಟು ಖುಷಿಯಿಂದ ನಾನು ಯಾವತ್ತೂ ಸೋತಿರಲಿಲ್ಲ.

ಅಷ್ಟರಲ್ಲಿ ಏಜೆಂಟ್ ಬಂದ. ಬಿಳಿ ಚೀಲದ ಪಕ್ಕ ತನ್ನ ಪ್ಯಾಕೆಟ್ ನಿಲ್ಲಿಸಿ ವಿಡಿಯೊ ಶುರು ಮಾಡಿದ. "ನೋಡಿ ರೈತ ಬಾಂಧವರೇ, ಎಂಜೈಮ್ ಎಫೆಕ್ಟ್."

"ಅದು ನಮ್ಮತ್ತೆ ಚೀಲ ಕಣ್ರೀ. ಬೆಲ್ಲದ್ದು."

ಅತ್ತೆ ಹೋದದ್ದು ಅವನಿಗೆ ಗೊತ್ತಿರಲಿಲ್ಲ. ಫೋನ್ ಇಳಿಸದೆಯೇ ಹೇಳಿದ, "ಪರವಾಗಿಲ್ಲ ಮೇಡಂ, ಅಜ್ಜಿನೇ ಕರೀರಿ. ವಯಸ್ಸಾದವ್ರು ಎರಡು ಮಾತು ಹೇಳಿದ್ರೆ ಜನ ನಂಬ್ತಾರೆ."

ಕರೆದರೆ ಬರಲು ಅತ್ತೆ ಇಲ್ಲ.